ಸೆಕೆಂಡಿಗೆ ಮೂವತ್ತು

ಸೇಗು ಪೇಟೆಯ ಬೈಕ್ ರಿಪೇರಿ ಸಾಲಿನಲ್ಲಿ
ಒಂದು ಕೊಡೆ, ಒಂದು ಮೇಜು, ಬೆನ್ನು ಮುರಿದ ಲ್ಯಾಪ್‌ಟಾಪು.
ಸಿನಾಲಿ ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ.
ಕುಸ್ತಿ, ಮದುವೆ, ಪ್ರವಚನ,
ಏನು ಬೇಕೋ ಕಾರ್ಡಿಗೆ ತುಂಬಿಕೊಡುತ್ತೇನೆ.
ಮೊದಲು ಫೋನು ತೋರಿಸಿ:
ಕತ್ತೆಯ ಬೆನ್ನು ನೋಡದೆ ಮೂಟೆ ಹೊರಿಸಬಾರದು.

ಹಳೆಯ ಫೋನಿಗೆ ಏಳುನೂರಿಪ್ಪತ್ತು ಗೆರೆ ದಕ್ಕದು.
ಬಿಸಿಯಾಗುತ್ತದೆ, ಏದುಸಿರು ಬಿಡುತ್ತದೆ,
ಮದುಮಗಳು ಅರ್ಧ ನಗುವಿನಲ್ಲೇ ನಿಲ್ಲುತ್ತಾಳೆ,
ಡೋಲು ಮಾತ್ರ ಮುಂದೆ ಮುಂದೆ ಓಡುತ್ತದೆ.
ಅದಕ್ಕೆ ನನ್ನದೊಂದು ಉಪಾಯವಿತ್ತು:
ಮುಖ ಚೊಕ್ಕಟವಾಗಿರಲಿ, ಚಿತ್ರಗಳನ್ನು ಕಳೆ.
ಸೆಕೆಂಡಿಗೆ ಮೂವತ್ತಿದ್ದದ್ದು ಹತ್ತು. ಸಾಕು.
ಏಳು ವರ್ಷ ಯಾರೂ ತಕರಾರು ತೆಗೆಯಲಿಲ್ಲ.

ತೆಗೆದವಳು ಜೆನೆಬಾ.
ನೈಜರ್ ಹೊಳೆಯಾಚೆಯಿಂದ ದೋಣಿಯಲ್ಲಿ ಮಡಕೆ ತರುವವಳು,
ಕಿವಿ ಕೇಳದವಳು, ಮಾತು ಬಾರದವಳು ಎಂದು
ನಾವು ಅಂದುಕೊಂಡವಳು.
ಸಿಕಾಸೊದಿಂದ ಅಕ್ಕ ಬಸ್ಸಿನ ಡ್ರೈವರ ಕೈಲಿ ಕಳಿಸಿದ ಕಾರ್ಡನ್ನು
ಹದಮಾಡಿ ಕೊಟ್ಟಿದ್ದೆ. ಮರುದಿನವೇ ಬಂದು
ಫೋನನ್ನು ಮೇಜಿಗೆ ಕುಕ್ಕಿದಳು.
ನೋಡಿದೆ. ಅಕ್ಕನ ಮುಖ ಎಷ್ಟು ಸ್ಪಷ್ಟ!
ಹುಬ್ಬಿನ ಮೇಲಿನ ಮಚ್ಚೆ ಸಮೇತ.
ಅವಳು ತಲೆಯಾಡಿಸಿ ಬೆರಳಿಟ್ಟು ತೋರಿಸಿದಳು:
ಅಕ್ಕನ ಕೈ ಎದೆಯ ಬಳಿ ಇತ್ತು,
ಆಮೇಲೆ ಗಲ್ಲದ ಬಳಿ ಇತ್ತು.
ನಡುವೆ ಎಲ್ಲಿಗೆ ಹೋಗಿತ್ತು?

ಆ ನಡುವೆಯೇ ಮಾತು.
ಮೂರರಲ್ಲಿ ಎರಡು ಪಾಲು ಮಾತನ್ನು
ನಾನು ಕಸವೆಂದು ಗುಡಿಸಿದ್ದೆ.

ಮತ್ತೆ ಕೂತೆ. ಗೆರೆಗಳನ್ನು ಇನ್ನೂರನಲವತ್ತಕ್ಕೆ ಇಳಿಸಿದೆ.
ಮಚ್ಚೆ ಹೋಯಿತು, ಹಿಂದೆಯೇ ಹುಬ್ಬೂ ಹೋಯಿತು,
ಮುಖ, ಹುರಿದ ಜೋಳದ ಬಣ್ಣದೊಂದು ಮಬ್ಬು.
ಮೂವತ್ತಕ್ಕೆ ಮೂವತ್ತೂ ಉಳಿಸಿದೆ.
ಫೋನು ಇನ್ನೂ ತುಸು ಮುಗ್ಗರಿಸುತ್ತಿತ್ತು,
ಧ್ವನಿಯನ್ನೂ ಕಿತ್ತೆ. ಅವಳಿಗೇಕೆ ಅದು.
ಎರಡನೇ ಸುತ್ತಿನ ಚಹಾ ಕುದಿಯುವಷ್ಟರಲ್ಲಿ ಮುಗಿಯಿತು.

ನಿಂತೇ ನೋಡಿದಳು.
ಮಬ್ಬಿನೊಳಗಿಂದ ಎರಡು ಕೈಗಳು
ಎಲ್ಲೂ ಎಡವದೆ ಹರಿದು ಬಂದವು.
ಒಮ್ಮೆ ನಕ್ಕಳು. ಆಮೇಲೆ ತಲೆವಸ್ತ್ರದ ತುದಿ ಬಾಯಿಗೆ ಹೋಯಿತು.
ಏನಂತೆ, ಎಂದು ಹುಬ್ಬೇರಿಸಿದೆ.
ದುಡ್ಡಿಟ್ಟು ಹೊರಟಳು.
ಸರಿ, ಅದು ನನಗೆ ಬಂದ ಕಾಗದವಲ್ಲ.

ಕಿತ್ತ ಧ್ವನಿ ನನ್ನ ಬಳಿಯೇ ಉಳಿದಿದೆ.
ಗಿರಾಕಿಯಿಲ್ಲದ ಸಂಜೆ ಒಮ್ಮೆ ಹಾಕಿದೆ:
ಎಲ್ಲೋ ಮೇಕೆ, ಬಳೆಗಳ ಕಿಣಿಕಿಣಿ,
ಕೈಯಾಡಿಸುವಾಗ ಅಕ್ಕನ ಗಂಟಲಿಂದ ತಾನಾಗಿ ಹೊರಟ,
ಅವಳೂ ಎಂದೂ ಕೇಳಿರದ ಸಣ್ಣ ಸಣ್ಣ ಸ್ವರ.
ಹಿಂದೆ, ಎಳೆಗೂಸಿನ ಅಳು.

ಅಳಿಸಬೇಕು. ಜಾಗ ಕಡಿಮೆ ಇದೆ.
ನಾಳೆ, ಎನ್ನುತ್ತೇನೆ.