ಏಳೂ ನಲವತ್ತರ ಗೂಡ್ಸು

ಕೊಲೆಗಾರ ಯಾರೆಂದು ಹೇಳಲು
ಇನ್‌ಸ್ಪೆಕ್ಟರು ಬಾಯಿ ತೆರೆಯುವುದಕ್ಕೂ
ಏಳೂ ನಲವತ್ತರ ಗೂಡ್ಸು ಗಾಡಿ
ನಮ್ಮ ಅಡುಗೆಮನೆಯೊಳಗಿಂದಲೇ ಎಂಬಂತೆ
ಹಾಯುವುದಕ್ಕೂ ಸರಿಹೋಗುತ್ತದೆ.

ತುಟಿ ಆಡುತ್ತದೆ. ಹೆಂಗಸೊಬ್ಬಳು ಕುಸಿದು ಕೂರುತ್ತಾಳೆ.
ತುಟಿ ಓದೋಣವೆಂದರೆ
ಧಾರಾವಾಹಿ ಟರ್ಕಿಯದು, ಮಾತು ನಮ್ಮದು,
ಎರಡಕ್ಕೂ ಮೊದಲಿನಿಂದ ಆಗಿಬರುವುದಿಲ್ಲ.
ಗಾಡಿ ದಾಟಿದ ಮೇಲೆ ಕೇಳಿಸುವುದು
ಸೋಪಿನ ಪುಡಿಯ ಜಾಹೀರಾತು.
ಅದು ಮಾತ್ರ ಒಂದಕ್ಷರ ತಪ್ಪದೆ.

ಖಶೂರಿಯಲ್ಲಿ ಹಳಿಯ ಪಕ್ಕ ಮನೆ ಮಾಡಿದರೆ ಇಷ್ಟೇ.
ಮೂವತ್ತೊಂದು ವರ್ಷದಿಂದ
ನಾನು ನೋಡಿದ ಪ್ರತಿ ಕತೆಯ ನಡುವೆಯೂ ಒಂದು ತೂತು,
ಐವತ್ತೆರಡು ಟ್ಯಾಂಕರು ಉದ್ದದ್ದು.
'ಐವತ್ತೊಂದು' ಎನ್ನುತ್ತಾನೆ ಗಂಡ ವಾಜಾ.
ಇಂಜಿನ್ನನ್ನು ಸೇರಿಸಬಾರದಂತೆ.
ನಾನು ಇಂಜಿನ್ನು ಸೇರಿಸಿಯೇ ಇಲ್ಲ.
ಈ ಜಗಳಕ್ಕೆ ನಮ್ಮ ಮಗಳಿಗಿಂತ ಎರಡು ವರ್ಷ ಹೆಚ್ಚು ವಯಸ್ಸು.

ತುಂಬಿದ ಕೊಡ ತುಳುಕುವುದಿಲ್ಲವಂತೆ.
ಹಾಗೆಂದವರು ಯಾರೋ,
ಎಣ್ಣೆ ತುಂಬಿದ ಗಾಡಿ ಸಮುದ್ರದ ಕಡೆ ಹೊರಟಾಗ
ನಮ್ಮ ಕಪಾಟಿನ ಪಕ್ಕ ಮಲಗಿ ನೋಡಿದವರಲ್ಲ.
ಬರಿದಾಗಿ ಮರಳುವಾಗಿನ ಸದ್ದು ಬೇರೆ:
ನನ್ನ ಭಾವನವರು ಮದುವೆಮನೆಯಲ್ಲಿ
ಲೋಟ ಎತ್ತಿ ಭಾಷಣಕ್ಕೆ ನಿಂತ ಹಾಗೆ.

ಟೀ ಚಮಚ ಮೇಜಿನ ಮೇಲೆ
ದಿನಕ್ಕೊಂದು ಬೆರಳಗಲ ಕಿಟಕಿಯ ಕಡೆ ನಡೆಯುತ್ತದೆ.
ರಾತ್ರಿ ಹಿಂದಕ್ಕೆ ತಂದಿಡುತ್ತೇನೆ.
ಎಲ್ಲಿಗೆ ಹೊರಟಿದೆ ಅಂತ ಕೇಳಲು ಹೋಗಿಲ್ಲ.
ರಿಮೋಟಿನ ಬೆನ್ನು ಕಳೆದುಹೋಗಿ ಎಷ್ಟೋ ಕಾಲವಾಯಿತು,
ರಬ್ಬರ್ ಬ್ಯಾಂಡಿನ ಮೇಲೆ ಜೀವ ಹಿಡಿದಿದೆ;
ಸದ್ದು ಹೆಚ್ಚಿಸು ಎಂದರೆ ಚಾನೆಲ್ ಬದಲಿಸುತ್ತದೆ.
ಮೇಲಿನ ಮನೆಯ ಮ್ಜೆವಿನಾರ್
ರಾತ್ರಿ ಹನ್ನೊಂದಕ್ಕೆ ಕುರ್ಚಿ ಎಳೆಯುತ್ತಾಳೆ,
ಗೋಡೆಯಿಂದ ಗೋಡೆಗೆ.
ಅವಳ ಮನೆಯಲ್ಲಿ ಇರುವುದು ಒಂದೇ ಕುರ್ಚಿ.
ನಾನು ಹೋಗಿ ನೋಡಿ ಬಂದಿದ್ದೇನೆ.

ಬೆಳಿಗ್ಗೆ ರೊಟ್ಟಿ ಅಂಗಡಿಯ ಸಾಲಿನಲ್ಲಿ
'ಕೊಂದವರು ಯಾರಂತೆ?' ಎಂದೆ.
'ತೋಟದವನು,' ಎಂದಳು ತ್ಸಿಯಾಲಾ, ಕಣ್ಣಾರೆ ಕಂಡವಳಂತೆ.
ಒಲೆಯೊಳಗೆ ತಲೆಯಿಟ್ಟು ರೊಟ್ಟಿ ಕೀಳುತ್ತಿದ್ದ ಓಮರಿ
ಅಲ್ಲಿಂದಲೇ ಕೂಗಿದ: 'ಮೈದುನ!'
ಅವರ ಮನೆಗಳೂ ಹಳಿಯ ಪಕ್ಕವೇ.
ನಮ್ಮ ಬೀದಿಯಲ್ಲಿ ಮನೆಗೊಬ್ಬ ಕೊಲೆಗಾರ.
ನನ್ನ ಮನೆಯಲ್ಲಿ ಸದ್ಯ ಅತ್ತೆ.

ಹೋದ ಮಂಗಳವಾರ
ಸುರಂಗದ ಆಚೆ ಎಲ್ಲೋ ಹಳಿ ರಿಪೇರಿಯಂತೆ, ಗಾಡಿ ಇಲ್ಲ.
ಏಳೂ ನಲವತ್ತು.
ಇನ್‌ಸ್ಪೆಕ್ಟರು ಕಿಟಕಿಯ ಬಳಿ ನಿಂತ,
ಗಂಟಲು ಸರಿಮಾಡಿಕೊಂಡ,
ಸ್ಪಷ್ಟವಾಗಿ, ಒಂದೊಂದೇ ಮಾತು ತೂಗಿ ಹೇಳಿದ:
'ಅದನ್ನು ನಾಳೆ ಹೇಳುತ್ತೇನೆ.'

ಮೂವತ್ತೊಂದು ವರ್ಷ!
ವಾಜಾನ ಮುಖ ನೋಡಿದೆ.
ಹ್ಯಾಝೆಲ್ ಕಾಯಿ ಅಗಿಯುತ್ತಿದ್ದ.
ಅವನ ದವಡೆ ಟಿಕ್ ಟಿಕ್ ಎನ್ನುತ್ತದೆ, ಆವತ್ತೇ ಗೊತ್ತಾದದ್ದು.
ನಲ್ಲಿ ತೊಟ್ಟಿಕ್ಕುತ್ತಿತ್ತು. ಫ್ರಿಜ್ಜು ನಿಟ್ಟುಸಿರಿಟ್ಟಿತು.
ನಾನು ಎಂದಿನಂತೆ ಬಾಯಿ ತೆರೆದವಳು
ಹಾಗೇ ಮುಚ್ಚಿಕೊಂಡೆ.

ಯಾಕೆಂದರೆ, ಹೇಳಿಬಿಡುತ್ತೇನೆ,
ಅವನಿಗೆ ನಾನು ಹೇಳಬೇಕಾದ್ದನ್ನೆಲ್ಲ
ಹೇಳಿ ಮುಗಿಸುವುದು ಆ ಗಾಡಿಯ ಕೆಳಗೆ:
ನಿನ್ನ ಅಕ್ಕ ಹೀಗೆ, ನಿನ್ನ ಸಾಕ್ಸು ಹಾಗೆ,
ಎಂಬತ್ತೊಂಬತ್ತರಲ್ಲಿ ನೀನು ಅಂದ ಆ ಒಂದು ಮಾತು.
ಒಮ್ಮೆ, ಅವನಿಗೆ ಜ್ವರ ಬಂದಾಗ,
ಬೇರೇನೋ ಒಂದು ಅಂದಿದ್ದೆ.
ಅದನ್ನು ಇಲ್ಲಿ ಬರೆಯುವುದಿಲ್ಲ.

'ಏನು?' ಎಂದ ವಾಜಾ.
'ಏನಿಲ್ಲ. ನೀನು?'
'ಏನಿಲ್ಲ,' ಎಂದ. ಆದರೆ ಕಿವಿ ಕೆಂಪಾಗಿತ್ತು.

ಗುರುವಾರ ಗಾಡಿ ಮರಳಿತು.
ನಾನು ಈ ಸಲ ಎಣಿಸಲಿಲ್ಲ, ಅವನ ತುಟಿ ನೋಡುತ್ತಾ ಕುಳಿತೆ.
ಆಡುತ್ತಲೇ ಇದೆ.
ಯಾವ ಲೆಕ್ಕದಲ್ಲೂ ಅಷ್ಟು ಉದ್ದದ ಅಂಕಿ ಇಲ್ಲ.
ಕೊನೆಯ ಟ್ಯಾಂಕರು ದಾಟಿತು. ಸೋಪಿನ ಪುಡಿ.
'ಐವತ್ತೊಂದು,' ಎಂದ.
'ಇರಬಹುದು,' ಎಂದೆ,
ಚಮಚವನ್ನು ಮೇಜಿನಂಚಿನಿಂದ
ಹಿಂದಕ್ಕೆ ಎಳೆದುಕೊಳ್ಳುತ್ತಾ.