ಕಾಲಿಗೆ ಹೇಳಿದ ಬುದ್ಧಿ

ಹನ್ನೆರಡು ವರ್ಷದಿಂದ ಇದೇ ನನ್ನ ಕೆಲಸ:
ದೂರದೂರುಗಳಿಂದ ಓಡಿಬಂದವರಿಗೆ
ಓಡಿಬಂದಂತೆ ಕಾಣುವ ಜಾಗ ತೋರಿಸುವುದು.
ಬಂಡೆಯ ಮುಂದೆ ಬಿದಿರ ಕಮಾನು, ಬಿಳಿ ಬಟ್ಟೆ,
ಒಂದೂವರೆ ಬುಟ್ಟಿ ದೇವಕಣಗಿಲೆ.
ಅವರು ಅತ್ತು, ಮುತ್ತಿಟ್ಟು, ಹೊರಟ ಮೇಲೆ
ಎಸಳು ಗುಡಿಸುವವಳೂ ನಾನೇ.
ಬುಟ್ಟಿ ಮಾತ್ರ ವಾಪಸು ಕೊಡಬೇಕು,
ತಳದಲ್ಲಿ ಹೋಟೆಲಿನ ಮುದ್ರೆಯಿದೆ.

ಈಗ ನನ್ನ ಸರದಿ.

ನಲವತ್ತೊಂದಕ್ಕೆ ಕಾಲಿಗೆ ಬುದ್ಧಿ ಹೇಳಹೊರಟರೆ
ಎಡ ಮೊಣಕಾಲು ಎದುರು ವಾದಿಸುತ್ತದೆ.
ಎರ್ವೆಗೆ ಮೂವತ್ತೆರಡು. ದೋಣಿ ಎಂಜಿನ್ ರಿಪೇರಿ.
ಅಮ್ಮ ಅವನ ಹೆಸರೆತ್ತುವುದಿಲ್ಲ,
'ಆ ಹುಡುಗ' ಅನ್ನುತ್ತಾಳೆ,
ಮೀನಿನ ಮುಳ್ಳನ್ನು ನಾಲಿಗೆಯಿಂದ ತೆಗೆದು
ತಟ್ಟೆಯಂಚಿಗೆ ಇಡುವ ಹಾಗೆ.

"ಜಾಗ ನೀನೇ ಹೇಳು. ನಿನ್ನ ಕಸುಬಲ್ಲವೇ?"
ಗ್ರೀಸಿನ ಕೈ ಒರೆಸಿಕೊಂಡು
ಹಳೇ ಟಿಕೆಟ್ಟಿನ ಬೆನ್ನ ಮೇಲೆ ದ್ವೀಪಗಳನ್ನು ಬರೆದ,
ಕೋಳಿ ಕೆದಕಿದಂಥ ಅಕ್ಷರ.

ಲಾ ದೀಗ್?
ಅಲ್ಲಿ ಸೈಕಲ್ಲುಗಳಿಗೂ ನನ್ನ ಪರಿಚಯ.
ಜೆಟ್ಟಿಯಲ್ಲಿ ಟಿಕೆಟ್ ಹರಿಯುವ ಗಾಬಿ
ಚಿಕ್ಕಮ್ಮನ ನಾದಿನಿ; ನಾವು ಮೆಟ್ಟಿಲಿಳಿಯುವ ಹೊತ್ತಿಗೆ
ಸುದ್ದಿ ಮರಳುವ ದೋಣಿ ಹತ್ತಿ ಮಾಹೆ ತಲುಪಿರುತ್ತದೆ.
ಆ ಹೆಸರುವಾಸಿ ಬಂಡೆಗಳ ತೀರ ಬೇಡವೇ ಬೇಡ.
ಅಲ್ಲಿ ನಾನು ಗುಡಿಸಿದ ಮದುವೆಗಳಲ್ಲಿ
ಎಷ್ಟು ಉಳಿದಿವೆಯೋ, ಬಂಡೆಗಳೇ ಬಲ್ಲವು,
ಅವುಗಳ ಬಾಯಿ ಬಿಗಿ.

ಕ್ಯೂರಿಯೂಸ್?
ಕುಷ್ಠರೋಗಿಗಳನ್ನು ಒಂದು ಕಾಲಕ್ಕೆ ಇಟ್ಟಿದ್ದ ನೆಲ.
ಅಜ್ಜಿಯ ಅಕ್ಕ ಅಲ್ಲಿಗೆ ಹೋದವಳು ಬರಲಿಲ್ಲ.
ಓಡಿಹೋದಳು, ಎಂದೇ ಮಕ್ಕಳಿಗೆ ಹೇಳಿದ್ದರು.
ಈಗ ಅಲ್ಲಿ ಆಮೆಗಳು ಮೇಯುತ್ತವೆ,
ಅಜ್ಜಿಗಿಂತ ಹಿರಿಯವು,
ಒಂದರ ಮೇಲೊಂದು ಹತ್ತಲು ಇಡೀ ಮಧ್ಯಾಹ್ನ ತಗಲುತ್ತದೆ.
ಎರ್ವೆ ನಕ್ಕ. ನನಗೆ ನಗು ಬರಲಿಲ್ಲ.

ಸಿಲುವೆಟ್ ದ್ವೀಪವೆಂದರೆ ಬರೀ ಬೆಟ್ಟ.
ಮೊಣಕಾಲು ಒಪ್ಪಲಿಲ್ಲ.

ಇನ್ನುಳಿದ ತೀರಗಳಿಗೆ ಈ ತಿಂಗಳು ಆಗ್ನೇಯ ಗಾಳಿ
ಪಾಚಿ ತಂದು ರಾಶಿ ಹಾಕುತ್ತದೆ, ಗಬ್ಬು ನಾರುತ್ತದೆ.
ಗಿರಾಕಿಗಳಿಗೆ ನಾನೇ ಬೇಡವೆನ್ನುವ ತಿಂಗಳು.

ದ್ವೀಪವೆಂದರೆ ಇಷ್ಟೇ ಕಣೋ ಎರ್ವೆ:
ಎತ್ತ ಓಡಿದರೂ ಕೊನೆಗೆ ಅದೇ ನೀರು,
ನೀರಿನಾಚೆ ಇನ್ನೊಬ್ಬ ಚಿಕ್ಕಮ್ಮ.
ಲೋಕದವರೆಲ್ಲ ಇಲ್ಲಿಗೆ ಓಡಿಬರುತ್ತಾರೆ.
ಇಲ್ಲಿಯವರು ಎಲ್ಲಿಗೆ ಓಡಬೇಕು?

"ಚಳಿ ಇರುವಲ್ಲಿಗೆ," ಅಂದ.
ಅಂದು, ಸುಮ್ಮನಾದ. ನಾನೂ.
ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು
ಪ್ರಾಲಿನ್ ಮೀನು ಜೆಟ್ಟಿಯ ಪಕ್ಕದ ಐಸ್ ಕಾರ್ಖಾನೆ,
ಸುಣ್ಣ ಉದುರಿದ ಗೋಡೆ, ಬಾಗಿಲಿಗೆ ನೇತುಬಿಟ್ಟ ರಬ್ಬರ್ ಪಟ್ಟಿಗಳು.
ಯಾರದೋ ಮದುವೆಯ ಹೂ ಬಾಡದಿರಲೆಂದು
ಐಸು ಕೊಳ್ಳಲು ಹೋಗಿದ್ದೆ,
ಕಂಪ್ರೆಸರ್ ಒಳಗೆ ತಲೆ ತೂರಿಸಿದ್ದವನ
ಪಾದಗಳು ಮೊದಲು ಕಂಡವು, ಬರಿಗಾಲು, ನೀಲಿಗಟ್ಟಿದ ಬೆರಳು.
ನನ್ನ ಚಪ್ಪಲಿ ಬಿಟ್ಟುಕೊಟ್ಟಿದ್ದೆ.
ಇನ್ನೂ ವಾಪಸು ಕೊಟ್ಟಿಲ್ಲ ಕಳ್ಳ.

ರಿಜಿಸ್ಟ್ರಾರಮ್ಮ ಅರ್ಜಿಯಿಂದ ಕಣ್ಣೆತ್ತಿ ಎರಡು ಸಲ ಕೇಳಿದಳು,
"ಸ್ಥಳ?"
ಎರಡು ಸಲವೂ ಹೇಳಿದೆ.
ಬರೆದುಕೊಂಡಳು.
ಕಮಾನಿಲ್ಲ, ಕಣಗಿಲೆಯಿಲ್ಲ.
ಸಾಕ್ಷಿಗೆ ಟ್ಯೂನಾ ತೂಗುವ ಇಬ್ಬರು.
ಅಲ್ಲಿ ನಿಂತು 'ಹೂಂ' ಅಂದರೆ
ಆ ಮಾತು ಬಾಯಿಂದ ಹೊರಬಿದ್ದು
ಬಿಳಿಯಾಗಿ ಒಂದು ಕ್ಷಣ ಕಣ್ಣಿಗೇ ಕಾಣುತ್ತದೆ.
ಈ ಸೆಕೆಯ ಊರಿನಲ್ಲಿ
ಎಷ್ಟು ಜನ ಕಂಡಿದ್ದಾರೆ ತಮ್ಮ ಒಪ್ಪಿಗೆಯನ್ನು?

ಅಮ್ಮನಿಗೆ ಯಾರೂ ಹೇಳಿರಲಿಲ್ಲ.
ರಾತ್ರಿ ಹಲಸಿನಂಥ ಆ ಬ್ರೆಡ್‌ಫ್ರೂಟ್ ಸುಡುತ್ತಾ,
ಬೂದಿ ಕೆದಕುತ್ತಾ, ನನ್ನ ಕಡೆ ನೋಡದೆ ಕೇಳಿದಳು:
"ಸ್ವೆಟರ್ ಇದೆಯಾ ನಿನಗೆ?"
ಸ್ವಲ್ಪ ತಡೆದು,
"ಆ ಹುಡುಗನಿಗೆ?"

ಈ ದ್ವೀಪದಲ್ಲಿ ಸ್ವೆಟರ್ ಯಾರ ಹತ್ತಿರ ಇರುತ್ತದೆ, ಅಮ್ಮಾ.