ದಾರದ ಅಳತೆ

ಹಳದಿ ಬಸ್ಸು ಒಂಬತ್ತೂಕಾಲಕ್ಕೇ ಬಂತು.
ಇಪ್ಪತ್ತೆರಡು ಜೊತೆ ರಬ್ಬರ್ ಬೂಟು,
ಅದರಲ್ಲೊಂದು ಜೊತೆ, ಎರಡೂ ಎಡಗಾಲಿನವೇ.
ರಾತ್ರಿಯ ಇಬ್ಬನಿ ಹೆಪ್ಪುಗಟ್ಟಿ
ಬಳ್ಳಿಯ ಎಲೆಯೆಲ್ಲ ಸುಟ್ಟ ಹಪ್ಪಳ;
ನಡುವೆ ಕುಂಬಳಗಳು ಮಾತ್ರ,
ಯಾರೋ ಕೂರಿಸಿ, ಈಗ ಬಂದೆ ಎಂದು ಹೋಗಿ, ಮರೆತ ಹಾಗೆ.

ಸೇಂಟ್ ಜಾನ್ ಹೊಳೆಯ ಈ ದಂಡೆಯಲ್ಲಿ
ಹತ್ತೊಂಬತ್ತು ಅಕ್ಟೋಬರ್ ಇದನ್ನೇ ಹೇಳಿದ್ದೇನೆ:
ತೊಟ್ಟು ಹಿಡಿದು ಎತ್ತಬೇಡಿ, ಅದು ಹಿಡಿಕೆಯಲ್ಲ.
ಹೇಳಿ ಮುಗಿಯುವುದರೊಳಗೆ ಎಲ್ಲೋ ಒಂದು ಲಟಕ್.

ತೊಟ್ಟಿಯಲ್ಲಿ ನೀರು.
ಮುಳುಗುತ್ತದೋ, ತೇಲುತ್ತದೋ? ಕೈ ಎತ್ತಿ.
ಹದಿನೆಂಟು ಕೈ ಅದನ್ನು ಮುಳುಗಿಸಿದವು.
ಓರಿನ್ ಎರಡಕ್ಕೂ ಎತ್ತಿದ.
ಇಪ್ಪತ್ತು ಪೌಂಡಿನ ಕಾಯಿ ದುಡುಮ್ಮನೆ ಬಿದ್ದು
ಒಮ್ಮೆ ಒಳಗೆ ಹೋಗಿ
ಮೂಗು ಸೀನುತ್ತ ಮೇಲೆ ಬಂತು.
"ಹಾಗಾದರೆ ಒಳಗೆ ಏನೂ ಇಲ್ವಾ?"
ಕೇಳಿದ್ದು ಡೆಲ್ಫೀನ್. ಉತ್ತರ ನನ್ನ ಚಾಕುವಿನಲ್ಲಿತ್ತು,
ಆದರೆ ಮೊದಲು ದಾರ.

ಕಾಯಿಯ ಸೊಂಟ ಎಷ್ಟು, ಕಣ್ಣಂದಾಜಿನಲ್ಲೇ ಕತ್ತರಿಸಬೇಕು,
ಆಮೇಲೆ ಸುತ್ತಿ ನೋಡಬೇಕು.
ಕೆಲವರದು ಗೇಣು ಕಮ್ಮಿ,
ಒಬ್ಬಳದು ಇನ್ನೊಂದು ಸುತ್ತು ಸುತ್ತಿ ಬೇಲಿ ದಾಟಿತು.
ಥಾಡಿಯಸನದು ಮಾತ್ರ ಗಂಟು ಹಾಕುವಷ್ಟು ಸರಿ.
ಅವನು ಗೆದ್ದವನ ಗತ್ತಿನಲ್ಲಿ ಸುತ್ತ ನೋಡಿ
ಗಂಟು ಬಿಚ್ಚಿ, ನೇರ ಟೀಚರ ಮುಂದೆ ನಿಂತ.
ಮಿಸೆಸ್ ಥೆರಿಯೊಗೆ ಏಳು ತಿಂಗಳು.
ನಾನು ಏನೋ ಹೇಳಹೋದೆ;
ಅವಳು ಕೋಟಿನ ಗುಂಡಿ ಬಿಚ್ಚಿ ತೋಳೆತ್ತಿದಳು.

ಎರಡು ಬೆರಳು ಸಾಲದೆ ಬಂತು ದಾರ.
"ಇನ್ನೂ ಬೆಳೀತಾ ಇದೆ," ಅಂದ,
ಹಾಳೆಯಲ್ಲಿ ಬರೆದೂಕೊಂಡ.

ಬೀಜ. ಇನ್ನೊಂದು ಕಾಯಿ ಹೋಳು ಮಾಡಿ
ಮೊಟ್ಟೆಯ ಟ್ರೇಯಲ್ಲಿ ಗುಳಿಗೆ ಹತ್ತರಂತೆ.
ಜಾರುತ್ತವೆ, ಅಂಗಿಗೆ ಒರೆಸುತ್ತಾರೆ, ಮತ್ತೆ ಒಂದರಿಂದ.
ನಾನೂರ ಮೂವತ್ತು, ಡೆಲ್ಫೀನಳ ಲೆಕ್ಕ.
ಮರು ಎಣಿಕೆಗೆ ಒಂದು ಗುಳಿಯಲ್ಲಿ ಒಂಬತ್ತೇ.
ಯಾರು ಎಂದು ನಾನು ಕೇಳಲಿಲ್ಲ,
ಎಲ್ಲಿ ಹೋಯಿತಪ್ಪಾ ಎಂದೆ, ಆಕಾಶಕ್ಕೆ.
ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡರೆ
ಬೀಜದ ಕಳ್ಳ ಜೇಬು ಮುಟ್ಟಿಕೊಳ್ಳುತ್ತಾನೆ.
ಓರಿನ್. ಕಿವಿ ಕೂಡ ಕೆಂಪು.
ಟೀಚರ್ ನೋಡಿದಳು. ನೋಡಿ,
ನಾನೂರ ಇಪ್ಪತ್ತೊಂಬತ್ತು ಎಂದು ಬರೆದು
ಪಕ್ಕದಲ್ಲಿ ಸಣ್ಣದೊಂದು ಚುಕ್ಕೆ ಇಟ್ಟಳು.

ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ
ನೆಲದ ಮೇಲಿನ ದಾರ ಆಯ್ದೆ,
ಚೀಲದ ಬಾಯಿಗೋ ಗೇಟಿಗೋ ಬೇಕಾಗುತ್ತದೆ.
ಥಾಡಿಯಸನದು ಸಿಗಲಿಲ್ಲ.
ತೊಟ್ಟಿಯ ಕಾಯಿ ಇನ್ನೂ ತೇಲುತ್ತಿತ್ತು,
ಬೆನ್ನ ಮೇಲೊಂದು ಎಲೆ ಹೊತ್ತು.
ಒತ್ತಿದೆ. ಕೈ ಬಿಟ್ಟೆ. ಬಂತು.
ಯಾರೂ ನೋಡುತ್ತಿರಲಿಲ್ಲ,
ಮತ್ತೊಮ್ಮೆ ಒತ್ತಿದೆ.